ಅಗರಖೇಡದ ಲಿಂಬೆ ಹೂ ಬಿಡಲಿಲ್ಲ

"ಸಾಹೇಬ್ರ, ನಾ ತಪ್ಪು ಒಪ್ಪಂಗಿಲ್ರಿ. ನನ್ನ ಲೆಕ್ಕ ಬರೋಬರಿ ಐತಿ. ಯಾರೋ ಗಿಡಕ್ಕ ಕೈ ಹಚ್ಯಾರ!"

ಇಂಡಿಯಲ್ಲಿ ಅಬ್ದುಲಗನಿ ಸಾಹೇಬರ ಪಡಸಾಲೆಗೆ ಬಂದ ವಿಜಯಶ್ರೀ ನಿಂತೇ ಇದನ್ನು ಹೇಳಿದಳು. ಅದು ೨೦೦೧. ಸಾಹೇಬರು ನಿವೃತ್ತ ಫೌಜದಾರರು; ಅವರನ್ನು ಸ್ಕೂಟರಿನ ಮೇಲೆ ಊರೂರು ತಿರುಗಿಸುವವನು ನಾನು, ಸಿದ್ದಾರೂಢ.

ವಿಜಯಶ್ರೀ ಅಗರಖೇಡದ ಹತ್ತಿರದ ಲಿಂಬೆ ಸಂಶೋಧನಾ ತೋಟದವಳು. ಮಣ್ಣು, ಬಿಸಿಲು, ನೀರಿನ ಲೆಕ್ಕ ಕೊಟ್ಟರೆ ಗಿಡ ಹೇಗೆ ಬೆಳೆದೀತು, ಎಂದು ಹೂ ಬಿಟ್ಟೀತು ಎಂದು ಹೇಳುವ ಮಾದರಿಯೊಂದನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ನೀರು ನಿಲ್ಲಿಸಿ ಗಿಡ ಬಾಡಿಸಿ, ಮತ್ತೆ ನೀರು ಬಿಟ್ಟು ಹೂ ತರಿಸುವುದು ನಮ್ಮ ಕಡೆಯ ರೂಢಿ. ಮಾದರಿ ಹೇಳಿದಂತೆ ಬಾಡಿಸಿದ ಸಾಲಿನಲ್ಲಿ ಮಾತ್ರ ಬರೀ ಚಿಗುರು, ಹೂವಿಲ್ಲ. ಮರುದಿನ ಮಾದರಿಯನ್ನು ಪರೀಕ್ಷಿಸಲು ಬರುವ ಸಮಿತಿಯ ಮುಂದೆ ಸೋಲೊಪ್ಪಿದರೆ ಅವಳ ಮೂರು ವರ್ಷದ ದುಡಿಮೆ ಮಣ್ಣುಪಾಲು.

ನಾವು ಅಗರಖೇಡಕ್ಕೆ ಹೋದಾಗ ತೋಟದ ಮುಖ್ಯಸ್ಥ ಬಸಂತರಾಯರು ತೋಟಕ್ಕೆ ಹೊಂದಿದ ತಮ್ಮ ಕ್ವಾರ್ಟರ್ಸಿನಲ್ಲಿ ಸಿಕ್ಕರು. ಎಲ್ಲ ಹೊಲಕ್ಕೂ ಒಂದೇ ಲೆಕ್ಕದಲ್ಲಿ ನೀರು ನಿಲ್ಲಿಸಿರೆಂದು ರೈತರಿಗೆ ವರ್ಷಗಟ್ಟಲೆ ಭಾಷಣ ಬಿಗಿದವರು ಅವರು. "ಗಿಡ ಏನು ಕಂಪ್ಯೂಟರ್ ಮಾತು ಕೇಳ್ತಾವೇನ್ರಿ?" ಎಂದು ನಕ್ಕರು. ನನಗೆ ಬಾಯಾರಿತ್ತು. ನಲ್ಲಿಗೆ ಬಾಯಿ ಕೊಡಹೋದರೆ ತಡೆದರು: "ಬ್ಯಾಡ್ರಿ, ನಮ್ಮ ಬೋರಿಂದು ಸವಳು ನೀರು, ಬರೀ ಉಪ್ಪು."

ತೋಟದಲ್ಲಿ ನೀರು ಬಿಡುವ ಮೋದಿನಸಾಬ ಆಣೆ ಮಾಡಿದ: "ಬಾವಿ ನೀರಿನ ಪೈಪು ನಾ ಬಂದ್ ಮಾಡೇನ್ರಿ." ಸಾಹೇಬರು ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮಣ್ಣಿನ ಮೇಲೆ ಬೆಳ್ಳಗೆ ಕಟ್ಟಿದ್ದ ಹಕ್ಕಳೆ ಎತ್ತಿ ನಾಲಗೆಗಿಟ್ಟು ಉಗುಳಿದರು. ಆಮೇಲೆ, "ತಂಗಿ, ಹಿಂಗ ಚಿಗುರು ಬರಬೇಕಂದ್ರ ಏನಾಗಿರಬೇಕು? ನಿನ್ನ ಮಾದರಿಗೇ ಕೇಳು" ಎಂದರು.

ಮರುದಿನ ಸಮಿತಿಯವರೆಲ್ಲ ಸೇರಿದರು.

"ಹೇಳವಾ," ಎಂದರು ಸಾಹೇಬರು.

"ಒಂದೊಂದು ವಾರ ಗಿಡಕ್ಕ ನೀರು ಕೊಟ್ಟಂಗ ಲೆಕ್ಕ ಹಾಕಿ ನೋಡಿದೆರಿ. ನಾ ಧಾರವಾಡಕ್ಕ ಹೋದ ವಾರ ನೀರು ಬಿದ್ದಿದ್ರ ಮಾತ್ರ ಚಿಗುರು ಇಷ್ಟುದ್ದ ಬರ್ತಾವು. ಪೂರಾ ಬಾಡೂಕಿಂತ ಮೊದಲ ನೀರು ಸಿಕ್ರ ಗಿಡ ಹೂ ಬಿಡಂಗಿಲ್ಲ, ಬರೀ ಚಿಗೀತದ."

"ಆ ವಾರ ಮಳಿ ಇಲ್ಲ," ಎಂದರು ಸಾಹೇಬರು. "ಅಂದಮ್ಯಾಲೆ ನೀರು ಬಿಟ್ಟವರು ಮನುಷ್ಯಾರು."

"ಮೋದಿನಸಾಬಂದು ಕೆಲಸ!" ಬಸಂತರಾಯರು ಎದ್ದು ನಿಂತರು.

"ಕೂಡ್ರಿ. ಅವನ ಪೈಪಿನಾಗ ಬರೋದು ಬಾವಿ ಸಿಹಿನೀರು. ಬುಡದಾಗ ಕಟ್ಟಿದ್ದು ಉಪ್ಪು. ಸವಳು ನೀರಿರೋದು ನಿಮ್ಮ ಬೋರಿನಾಗ, ಅದರ ಮೋಟಾರಿನ ಕೀಲಿ ನಿಮ್ಮ ಕಿಸೇದಾಗ. ಹೊಲಕ್ಕೊಂದು ಲೆಕ್ಕ ಅಂತ ಈಕಿ ಮಾದರಿ ಹೇಳ್ತದ. ಅದು ಖರೆ ಆದ್ರ ನಿಮ್ಮ ಭಾಷಣ ಸುಳ್ಳು. ಹೌದಿಲ್ಲೋ?"

ಬಸಂತರಾಯರು ಕಿಸೆಯಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟರು. ಅಧ್ಯಕ್ಷೆ ರಾಜೇಶ್ವರಿಯವರು ರಾಜಿಗೆ ಬಂದರು: "ಆಗಿದ್ದಾಯ್ತು. ನಿನ್ನ ಮಾದರಿ ಪಾಸು ಅಂತ ಬರಕೋತೇವಿ. ಹೊರಗ ಮಾತು ಬ್ಯಾಡ."

ಸದ್ಯ, ಗೆದ್ದಳು ಎಂದು ನಾನು ಉಸಿರು ಬಿಟ್ಟೆ. ಹುಡುಗಿ ಕೇಳಬೇಕಲ್ಲ!

"ಬ್ಯಾಡ್ರಿ. ಹೂ ಬಿಡದ ಸಾಲಿಗೆ ಪಾಸು ಅನ್ನಬ್ಯಾಡ್ರಿ. ಮೊದಲು ಮೋದಿನಸಾಬ ಕಾಕಾನ ಮುಂದ ಇವರು ತಪ್ಪಾತು ಅನ್ನಲಿ. ಆಮ್ಯಾಲೆ ಎಲ್ಲಾರ ಎದುರು ಮತ್ತ ಗಿಡ ಬಾಡಸ್ತೇನಿ. ಹೂ ಬರಲಿಲ್ಲಂದ್ರ ಮಾದರಿ ಸುಳ್ಳಂತ ನಾನೇ ಹೇಳ್ತೇನಿ."

"ಮತ್ತ ಯಾರರೆ ನೀರು ಬಿಟ್ರ? ಕಾವಲು ಯಾರು?" ಎಂದರು ಅಧ್ಯಕ್ಷೆ.

ವಿಜಯಶ್ರೀ ನೇರ ಬಸಂತರಾಯರತ್ತ ಬೆರಳು ಮಾಡಿದಳು.

"ಇವರು ಕಾಯಲಿ. ಮೊದಲ ಹೂ ಇವರೇ ನೋಡಬೇಕು."