ಅರ್ಧ ಬೆರಳು

ಕೊಯ್ಲು ಮುಗಿದು ಹೊಲಗಳು ಬೋಳಾಗಿದ್ದವು. ತಡೆಯುವುದಕ್ಕೆ ಪೈರಿಲ್ಲದ್ದರಿಂದ ಗಾಳಿ ನೇರ ಊರೊಳಕ್ಕೆ ಬರುತ್ತಿತ್ತು, ಬರುವಾಗ ಹೊಟ್ಟು, ಧೂಳು ಎರಡನ್ನೂ ಜೊತೆಗೆ ತರುತ್ತಿತ್ತು. ಕೈ ಬಿಡುವಾದವರಿಗೆಲ್ಲ ಹೊಸ ಬಟ್ಟೆಯ ನೆನಪಾಗುವ ಕಾಲ ಅದು. ಟೈಲರಮ್ಮನ ಅಂಗಡಿಯಲ್ಲಿ ಬಟ್ಟೆಯ ಗಂಟುಗಳು ಕಿಟಕಿಯ ಅರ್ಧದವರೆಗೆ ಏರಿದ್ದವು. ಅವಳು ಮೇಜಿನ ಮೇಲೆ ಬಾಗಿ ಕತ್ತರಿ ಓಡಿಸುತ್ತಿದ್ದಳು. ಬಾಗಿಲ ಬೆಳಕಿನಲ್ಲಿ ಕೂತ ಅಪ್ಪ ಬೆರಳಿನಲ್ಲೇ ತಡವಿ ತಡವಿ ಗುಂಡಿ ಹಚ್ಚುತ್ತಿದ್ದ. ಕಣ್ಣು ಮಂಜಾದ ಮೇಲೆ ಅವನು ಟೇಪು, ಕತ್ತರಿ ಎರಡನ್ನೂ ಮಗಳ ಕೈಗೆ ಕೊಟ್ಟು, ಗುಂಡಿಯನ್ನೂ ಮಾತನ್ನೂ ತನ್ನ ಪಾಲಿಗೆ ಇಟ್ಟುಕೊಂಡಿದ್ದ.

ಎದುರು ಶೆಡ್ಡಿನ ಬಡಗಿ ಒಳಗೆ ಬಂದ. ಊರಿನವರು ಅವನನ್ನು ರಸಮಟ್ಟ ಎಂದು ಕರೆಯುತ್ತಿದ್ದರು. ಗಾಜಿನ ನಳಿಗೆಯೊಳಗೆ ಒಂದು ಗುಳ್ಳೆ ಓಡಾಡುವ ಆ ಮಟ್ಟದ ಪಟ್ಟಿ ಸದಾ ಅವನ ಕಂಕುಳಲ್ಲಿ ಇರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲ ಮೇಲೆ ಅದನ್ನಿಟ್ಟು, “ಸೊಟ್ಟ ಇದೆ” ಅನ್ನುವನು. ಕುಶಲ ವಿಚಾರಿಸುವುದು ಆಮೇಲೆ.

ಇವತ್ತು ಅವನ ಕೈಯಲ್ಲಿ ಒಂದು ನೀಲಿ ಟ್ರ್ಯಾಕ್ ಪ್ಯಾಂಟ್ ಇತ್ತು.

“ಇದನ್ನ ನೋಡಿ. ಪೇಟೆಯ ಅಂಗಡಿಯವನು ಹಾಡಹಗಲೇ ಟೋಪಿ ಹಾಕಿದಾನೆ. ಎಡಗಾಲು ಸರಿ ಇದೆ, ಬಲಗಾಲು ಉದ್ದ. ನೆಲ ಗುಡಿಸ್ಕೊಂಡು ಬರುತ್ತೆ.”

ಅವಳು ಪ್ಯಾಂಟಿನ ಎರಡು ಕಾಲನ್ನೂ ಒಂದರ ಮೇಲೊಂದು ಮಡಿಸಿ ಅಂಚಿಗೆ ಅಂಚು ಹಿಡಿದಳು. ಎರಡೂ ಸಮವಾಗಿದ್ದವು. ಬಾಗಿಲಲ್ಲಿ ಅಪ್ಪನ ಸೂಜಿ ನಿಂತಿತು.

“ಒಂದೊಂದು ಸಲ ಹೀಗಾಗುತ್ತೆ” ಎಂದಳು ಅವಳು, ಸೀಮೆಸುಣ್ಣವನ್ನು ನೋಡುತ್ತ.

“ನಿಮ್ಮ ಕೈಯಲ್ಲಿ ಯಾವತ್ತಾದ್ರೂ ಹೀಗಾಗಿದೆಯಾ? ಇಷ್ಟು ವರ್ಷದಲ್ಲಿ ಒಂದೇ ಒಂದು ಪ್ಯಾಂಟು? ಪೇಟೆಯೋರಿಗೆ ಕಣ್ಣೇ ನೇರ ಇಲ್ಲ ಬಿಡಿ.”

ಅವಳು ಬಲಗಾಲಿನ ಅಂಚಿಗಿಂತ ಅರ್ಧ ಬೆರಳಗಲ ಮೇಲೆ ಗೆರೆ ಎಳೆದಳು. ಟೇಪು ಮುಟ್ಟಲೇ ಇಲ್ಲ. ಆ ಅರ್ಧ ಬೆರಳು ಅವಳ ಕೈಗೆ ಬಾಯಿಪಾಠವಾಗಿತ್ತು.

ಆ ಅಂಗಡಿಯ ರೀತಿಯೇ ಹಾಗೆ. ಟೇಪಿಗೆ ಗೊತ್ತಾದದ್ದು ಬಾಯಿಗೆ ಗೊತ್ತಾಗಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಹೆಡ್‌ಮಾಸ್ತರರ ಒಂದು ಭುಜ ಇಳಿದಿತ್ತು, ಹಿಟ್ಟಿನ ಗಿರಣಿಯವನ ಬೆನ್ನು ಬಲಕ್ಕೆ ವಾಲಿತ್ತು. ಅವರ ಓರೆಯನ್ನೆಲ್ಲ ಬಟ್ಟೆ ನುಂಗಿಕೊಳ್ಳುತ್ತಿತ್ತು. ಅಂಗಡಿಯ ಮೆಟ್ಟಿಲು ಇಳಿಯುವಾಗ ಎಲ್ಲರೂ ನೆಟ್ಟಗಿರುತ್ತಿದ್ದರು. ಊರಿನ ಸೊಟ್ಟವನ್ನೆಲ್ಲ ಹುಡುಕಿ ಹೇಳುವ ರಸಮಟ್ಟನ ಬಲಗಾಲು ಎಡಗಾಲಿಗಿಂತ ಅರ್ಧ ಬೆರಳು ಗಿಡ್ಡವಿತ್ತು. ಅದು ಅಪ್ಪನಿಗೆ ಗೊತ್ತು, ಮಗಳಿಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ.

“ಯಾಕಪ್ಪ ಈ ನೀಲಿ ಅಲಂಕಾರ?” ಎಂದ ಅಪ್ಪ.

“ಓಡೋಕೆ. ಪೇಟೆಯಲ್ಲಿ ಮ್ಯಾರಥಾನ್ ಇದೆ. ಗೆದ್ದೋರು ನಿಲ್ಲೋ ಮೆಟ್ಟಿಲು ನನ್ನ ಹತ್ರನೇ ಮಾಡಿಸಿದ್ರು. ಮಾಡ್ತಾ ಮಾಡ್ತಾ ನನಗೂ ಆಸೆ ಆಯ್ತು.”

“ಎಷ್ಟು ದೂರ?”

“ನಲವತ್ತೆರಡು ಕಿಲೋಮೀಟರ್.”

“ಅಷ್ಟು ದೂರಕ್ಕೆ ಬಸ್ ಇದೆಯಲ್ಲೋ!”

ಬಡಗಿ ನಕ್ಕ. ನಗುವಾಗ ಅವನ ನೋಟ ಅಪ್ಪನ ತಲೆ ದಾಟಿ ಅವಳವರೆಗೆ ಬಂದು, ಅವಳ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಸೀಮೆಸುಣ್ಣದ ತುಂಡಿನ ಮೇಲೆ ಒಂದು ಗಳಿಗೆ ಕೂತು, ಹಕ್ಕಿಯ ಹಾಗೆ ಹಾರಿಹೋಯಿತು.

ಮರುದಿನದಿಂದ ಅವನು ಓಡಲು ಶುರುಮಾಡಿದ. ಓಡುವುದು ಅಂದರೆ ಕಾಲುವೆಯ ತೂಬಿನವರೆಗೆ ಹೋಗಿ, ಅಲ್ಲಿ ಸೊಂಟ ಹಿಡಿದು ನಿಂತು, ನಡೆದು ವಾಪಸು ಬರುವುದು. ಬೆಳೆದ ಗಂಡಸು ಓಡುವುದು ಕಂಡರೆ ಯಾರ ಮನೆಯಲ್ಲೋ ಏನೋ ಆಗಿದೆ ಎಂದೇ ಊರಿನ ಲೆಕ್ಕ. “ಯಾರಿಗೇನಾಯ್ತೋ?” ಎಂದು ಜಗಲಿಯಿಂದ ಕೂಗುವರು. “ನನಗೇ!” ಎಂದು ಅವನು ಏದುಸಿರಿನಲ್ಲಿ ಉತ್ತರ ಕೊಡುವನು. ಕೆಲವು ವಾರ ಕಳೆದ ಮೇಲೆ ತೂಬು ಹಿಂದೆ ಬಿತ್ತು, ಆಮೇಲೆ ಪಕ್ಕದ ಊರಿನ ಸೇತುವೆಯೂ ಹಿಂದೆ ಬಿತ್ತು. ಜನ ಕೂಗುವುದನ್ನು ಬಿಟ್ಟರು.

ವಾಪಸು ಬರುವಾಗ ಅವನು ನಿಲ್ಲುತ್ತಿದ್ದುದು ಅಂಗಡಿಯ ಮೆಟ್ಟಿಲ ಹತ್ತಿರ. ಅವಳು ಆ ಹೊತ್ತಿಗೆ ಸರಿಯಾಗಿ ಕಸ ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಗುಡಿಸುತ್ತಿದ್ದಳು ಅನ್ನುವುದು ಅಪ್ಪನ ತಕರಾರು.

“ನೀರು ಇದೆಯಾ?”

“ನಿಮ್ಮ ಶೆಡ್ಡಲ್ಲಿ ಬತ್ತಿಹೋಗಿದೆಯಾ?”

“ಶೆಡ್ಡು ದೂರ.”

ಶೆಡ್ಡು ರಸ್ತೆಯ ಆಚೆಗಿತ್ತು. ಅವಳು ಚೊಂಬು ಕೊಡುವಳು. ಅವನು ಕುಡಿಯುತ್ತ ಚೊಂಬಿನ ಅಂಚಿನ ಮೇಲಿಂದ ಅವಳನ್ನು ನೋಡುವನು; ನೀರು ಮುಗಿದರೂ ಚೊಂಬು ಇಳಿಯದು.

“ಖಾಲಿ ಚೊಂಬಲ್ಲಿ ಏನು ಕುಡೀತಿದೀರಿ?”

“ಇನ್ನೂ ಸ್ವಲ್ಪ ಇದೆ” ಎಂದು ಅವನು ಕಣ್ಣು ತೆಗೆಯದೆ ಹೇಳುವನು.

ಅವಳಿಗೆ ಇಡೀ ಬೆಳಿಗ್ಗೆ ಹೊಲಿಗೆ ನೇರವಾಗಿ ಬರುತ್ತಿರಲಿಲ್ಲ.

ಆದರೆ ಅವಳ ಕಣ್ಣು ಅವನ ಮುಖದ ಮೇಲಷ್ಟೇ ಇರಲಿಲ್ಲ. ದೂರ ಹೆಚ್ಚಿದಂತೆ ಅವನ ಎಡಗಾಲು ಇಳಿಯುವ ರೀತಿ ಬದಲಾಯಿತು. ಮೊದಮೊದಲು ಮೆಟ್ಟಿಲ ಹತ್ತಿರ ನಿಂತಾಗ ಮೊಣಕಾಲು ಉಜ್ಜಿಕೊಳ್ಳುತ್ತಿದ್ದವನು, ಆಮೇಲೆ ಅದನ್ನು ಹಿಡಿದುಕೊಂಡೇ ಬರತೊಡಗಿದ.

“ಹೇಳಿಬಿಡಲಾ ಅಪ್ಪಾ?”

“ಅಳತೆ ಅಂಗಡಿ ದಾಟಬಾರದು.”

“ಅವನ ಮಂಡಿ ಹಾಳಾಗುತ್ತೆ.”

“ಹೇಳಿದರೆ ಅವನ ಮಾನ ಹಾಳಾಗುತ್ತೆ. ಊರಿನ ಓರೆ ಕೋರೆ ಎತ್ತಿ ಆಡೋನು ಅವನು. ಇಷ್ಟು ದಿನ ಇವಳು ಒಳಗೊಳಗೇ ನಗ್ತಿದ್ಲು ಅಂತ ತಿಳಿದರೆ ಮತ್ತೆ ಈ ಮೆಟ್ಟಿಲು ಹತ್ತುತ್ತಾನಾ?”

ಅವಳ ಭಯವೂ ಅದೇ ಆಗಿತ್ತು. ಹೇಳಿದರೆ ಅವನು ಬರುವುದಿಲ್ಲ. ಹೇಳದಿದ್ದರೆ ಅವನು ಓಡಲಾರ. ಕತ್ತರಿಯ ಎರಡು ಬಾಯಿಯ ನಡುವಿನ ಬಟ್ಟೆಯ ಹಾಗೆ ಅವಳು ಕೆಲವು ದಿನ ಸುಮ್ಮನಿದ್ದಳು.

ಒಂದು ಬೆಳಿಗ್ಗೆ ಅವನು ಓಡಲು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೆಯ ದಿನ ಅವಳು ಪೊರಕೆಯನ್ನು ಮೂಲೆಗಿಟ್ಟು, ಯಾರಿಗೂ ಹೇಳದೆ ರಸ್ತೆ ದಾಟಿದಳು.

ಶೆಡ್ಡಿನೊಳಗೆ ಹೊಸ ಮರದ ವಾಸನೆ. ಅವನು ಎಡ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕಿಟಕಿಯ ಚೌಕಟ್ಟಿಗೆ ಹತ್ತರಿ ಹೊಡೆಯುತ್ತಿದ್ದ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಕಾಲ ಬಳಿ ಬೀಳುತ್ತಿತ್ತು.

“ಬನ್ನಿ ಟೈಲರಮ್ಮ. ಓಟ ಮುಗೀತು. ಇವತ್ತು ಪೇಟೆಗೆ ಫೋನ್ ಮಾಡಿ ಹೆಸರು ತೆಗೆಸ್ತೀನಿ. ವಯಸ್ಸಾಯ್ತು, ನನ್ನಂಥವನಿಗಲ್ಲ ಅದು.”

“ವಯಸ್ಸಲ್ಲ.”

“ಮತ್ತೇನು?”

ಅವಳು ಬೆಂಚಿನ ಮೇಲಿದ್ದ ರಸಮಟ್ಟವನ್ನು ಕೈಗೆತ್ತಿಕೊಂಡಳು.

“ನೆಟ್ಟಗೆ ನಿಲ್ಲಿ. ಚಪ್ಪಲಿ ಬಿಟ್ಟು.”

ಅವನು ಎದ್ದು ನಿಂತ. ಅವಳು ಹತ್ತಿರ ಬಂದು ಮಟ್ಟದ ಪಟ್ಟಿಯನ್ನು ಅವನ ಸೊಂಟದ ಎರಡು ಎಲುಬಿಗೆ ತಾಗಿಸಿ ಹಿಡಿದಳು. ಇಬ್ಬರೂ ಆ ಗಾಜಿನ ನಳಿಗೆಯನ್ನೇ ನೋಡಿದರು. ಗುಳ್ಳೆ ನಡುವೆ ನಿಲ್ಲಲಿಲ್ಲ. ಮೆಲ್ಲಗೆ ಎಡಕ್ಕೆ ಸರಿದು ಅಲ್ಲೇ ಕೂತಿತು.

“ಮಟ್ಟ ಕೆಟ್ಟಿದೆ” ಎಂದ ಅವನು.

ಅವಳ ಕೈಯಿಂದ ಅದನ್ನು ತೆಗೆದುಕೊಂಡು ಬೆಂಚಿನ ಮೇಲಿಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ತಿರುಗಿಸಿ ಇಟ್ಟ. ಆಗಲೂ ನಡುವೆಯೇ. ಅವನ ಕಿವಿಯ ತುದಿ ಕೆಂಪಾಯಿತು.

“ಬಲಗಾಲು ಅರ್ಧ ಬೆರಳು ಕಡಿಮೆ” ಎಂದಳು ಅವಳು. “ನಡೆಯೋದಕ್ಕೆ ಏನೂ ತೊಂದರೆ ಇಲ್ಲ. ಅಷ್ಟು ದೂರ ಓಡಿದರೆ ಭಾರ ಎಲ್ಲ ಎಡಕ್ಕೆ ಬೀಳುತ್ತೆ ಅಂತ ಕಾಣುತ್ತೆ.”

“ಯಾವಾಗಿಂದ ಗೊತ್ತು ನಿಮಗೆ?”

“ನಾನು ಹೊಲಿದ ಮೊದಲನೇ ಪ್ಯಾಂಟಿಂದ.”

“ಆ ನೀಲಿ ಪ್ಯಾಂಟು?”

“ಅಂಗಡಿಯವನ ತಪ್ಪೇನೂ ಇರಲಿಲ್ಲ.”

ಅವನು ಹತ್ತರಿ ಕೈಗೆತ್ತಿಕೊಂಡು, ಅವಳ ಕಡೆ ನೋಡದೆ, “ನೀವು ಹೋಗಿ” ಎಂದ.

ಅವಳು ಹೊರಗೆ ಬಂದಳು. ರಸ್ತೆ ದಾಟುವಾಗ ಹಿಂದೆ ಹತ್ತರಿಯ ಸದ್ದು ಬರಲಿಲ್ಲ. ಅಂದು ಅವಳು ಒಂದು ಅಂಗಿಗೆ ಎರಡೂ ಎಡತೋಳು ಕತ್ತರಿಸಿದಳು. ಅಪ್ಪ ಎರಡನ್ನೂ ಬೆರಳಲ್ಲಿ ತಡವಿ ನೋಡಿ, ಏನೂ ಕೇಳದೆ ಮಡಿಸಿಟ್ಟ. ಮಾತಿನ ಮನುಷ್ಯ ಅವನು ಸುಮ್ಮನಾದದ್ದೇ ಅವಳಿಗೆ ಅಳು ತರಿಸಿತು.

ಬೆಳಿಗ್ಗೆ ಅವಳು ಪೊರಕೆ ಮುಟ್ಟಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಮಿಷನ್ ಮುಂದೆ ಕೂತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಕೂದಲೆಳೆಯಷ್ಟು ಮೆದು. ಅದು ಯಾರದೆಂದು ತಿರುಗಿ ನೋಡಬೇಕಾಗಿರಲಿಲ್ಲ.

“ಏನಪ್ಪಾ ರಸಮಟ್ಟ” ಎಂದ ಅಪ್ಪ, ಎಚ್ಚರದ ದನಿಯಲ್ಲಿ.

“ಆ ಹೆಸರು ಇವತ್ತಿಂದ ನಿಮ್ಮ ಮಗಳಿಗೆ ಕೊಡಿ” ಎಂದ ಅವನು. ತೋಳ ತುಂಬ ತಂದಿದ್ದ ಹಳೆಯ ಪ್ಯಾಂಟುಗಳನ್ನು ಮೇಜಿನ ಮೇಲೆ ಸುರಿದ. ಕೆಲವು ಬಣ್ಣಗೆಟ್ಟಿದ್ದವು, ಕೆಲವಕ್ಕೆ ವಾರ್ನಿಶ್ ಮೆತ್ತಿತ್ತು. “ನಿನ್ನೆ ಸಂಜೆಯವರೆಗೂ ಕೂತು ಎಲ್ಲಾನೂ ನನ್ನ ಸ್ಕೇಲಲ್ಲಿ ಅಳೆದೆ. ಮೊದಲು ಸಿಟ್ಟಿತ್ತು, ಸುಳ್ಳು ಹೇಳಲ್ಲ. ನನ್ನ ನೋಡಿ ನಗಾಡ್ಕೊಂಡು ಹೊಲಿದಿರ್ತಾಳೆ ಅನ್ನಿಸ್ತು. ಅಳೀತಾ ಅಳೀತಾ…”

ಅವಳು ಈಗ ತಿರುಗಿದಳು.

“ಎಲ್ಲದರಲ್ಲೂ ಅದೇ ಅರ್ಧ ಬೆರಳು. ಒಂದರಲ್ಲೂ ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಹಬೆಯಾಡೋ ಬೇಸಿಗೆ, ಗಂಟುಗಟ್ಟಲೆ ಕೆಲಸ, ಯಾವಾಗಲೂ ಮರೆತಿಲ್ಲ ನೀವು. ನನ್ನ ಹೆತ್ತವಳಿಗೂ ಗೊತ್ತಿರಲಿಲ್ಲ ಇದು. ಇಷ್ಟು ವರ್ಷ ನನ್ನ ಮೇಲೆ ಇಷ್ಟು ನಿಗಾ ಇಟ್ಟವರು ಇನ್ಯಾರೂ ಇಲ್ಲ.”

ಅವಳ ಎದೆಯೊಳಗೆ ಕಟ್ಟಿಕೊಂಡಿದ್ದ ಏನೋ ಒಂದು ಸಡಿಲವಾಯಿತು. ಬಿಗಿಯಾಗಿ ಹಾಕಿದ ಹೊಲಿಗೆಯನ್ನು ಬಿಚ್ಚಿದಾಗ ಬಟ್ಟೆ ಹಿಗ್ಗುತ್ತದಲ್ಲ, ಹಾಗೆ. ನಗು ಮೊದಲು ಬಂತೋ ಕಣ್ಣೀರೋ ಅವಳಿಗೇ ತಿಳಿಯಲಿಲ್ಲ.

“ಹಾಗಾದ್ರೆ ಓಡ್ತೀರಾ?”

“ಮೇಜು ಅಲ್ಲಾಡಿದರೆ ಮೇಜನ್ನ ಎಸೀತೀವಾ? ಕಾಲಿಗೆ ಬೆಣೆ ಇಡ್ತೀವಿ.” ಜೇಬಿನಿಂದ ಹಿಮ್ಮಡಿಯ ಆಕಾರದ ಒಂದು ತುಂಡು ತೆಗೆದ. ಬಾಟಲಿಯ ಬಿರಡೆ ಮಾಡುವಂಥ ಮೆದು ಕಾರ್ಕ್ ಹಾಳೆಯನ್ನು ಕತ್ತರಿಸಿ, ಉಜ್ಜಿ, ಬೆಣ್ಣೆಯ ಹಾಗೆ ನಯ ಮಾಡಿದ್ದ. “ಇದಕ್ಕೆ ಬಟ್ಟೆ ಹೊದಿಸಿಕೊಡಿ. ಶೂ ಒಳಗೆ ಇಡ್ತೀನಿ. ಪೇಟೆ ಡಾಕ್ಟರಿಗೂ ತೋರಿಸ್ತೀನಿ.”

“ಆದರೆ ಈಗ ಆ ನೀಲಿ ಪ್ಯಾಂಟಿನ ಬಲಗಾಲು ಗಿಡ್ಡ ಆಗುತ್ತಲ್ಲ!” ಎಂದ ಅಪ್ಪ.

“ಬಿಚ್ಚಿ ಕೊಡ್ತಾರೆ ಬಿಡಿ” ಎಂದ ಅವನು. “ಅಂಗಡಿಯವನು ಸರಿಯಾಗೇ ಹೊಲಿದಿದ್ದ.”

ಮೂವರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಗುಂಡಿಯ ಡಬ್ಬಿ ಹುಡುಕುವ ನೆಪದಲ್ಲಿ ಒಳಗೆ ಎದ್ದುಹೋದ.

ಡಾಕ್ಟರು ಬೆಣೆ ನೋಡಿ ತಲೆಯಾಡಿಸಿದರು. ಇನ್ನೂ ತೆಳ್ಳಗಿನದರಿಂದ ಶುರುಮಾಡಿ, ಕಾಲು ಒಗ್ಗಿದಂತೆ ದಪ್ಪ ಮಾಡಿ ಎಂದರು. ಅವನು ಉಜ್ಜಿದ, ಅವಳು ಹೊದಿಸಿದಳು. ಬಟ್ಟೆ ಸವೆದರೆ ಮತ್ತೆ ಹೊದಿಸಿದಳು. ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಕಾಲುಬೆರಳಿನ ಉಗುರು ಕಪ್ಪಾಯಿತು, ಒಂದು ಭಾನುವಾರ ಓಡಲಾರದೆ ಸೇತುವೆಯ ಮೇಲೆ ಕೂತವನು ಎತ್ತಿನ ಗಾಡಿಯಲ್ಲಿ ವಾಪಸು ಬಂದ. ಆದರೂ ಗಾಳಿ ತಣ್ಣಗಾಗಿ, ಮತ್ತೆ ಬಿಸಿಯಾಗಿ, ಕಾಲುವೆ ದಂಡೆಯ ಮರಗಳು ಚಿಗುರುವ ಹೊತ್ತಿಗೆ ಅವನ ಎರಡು ಹೆಜ್ಜೆಗಳ ಸದ್ದು ಒಂದೇ ಆಗಿತ್ತು.

ಮ್ಯಾರಥಾನಿನ ದಿನ ಅವಳು ಮುಕ್ತಾಯದ ಗೆರೆಯ ಹತ್ತಿರ ಬೆಳಿಗ್ಗೆಯಿಂದ ನಿಂತಿದ್ದಳು. ಗೆದ್ದವರು ಬಂದರು, ಫೋಟೋ ಆಯಿತು. ಗುಂಪು ಗುಂಪಾಗಿ ಉಳಿದವರು ಬಂದರು. ಬಿಸಿಲು ನೆತ್ತಿಗೆ ಬಂತು, ಮೈಕಿನವನು ಊಟಕ್ಕೆ ಹೋದ, ಶಾಮಿಯಾನದ ಒಂದು ಬದಿ ಬಿಚ್ಚತೊಡಗಿದರು. ಬಂದವರ ಮುಖ ನೋಡಿ ನೋಡಿ ಅವಳಿಗೆ ಸಾಕಾಗಿ, ಈಗ ಬರೀ ಕಾಲುಗಳನ್ನು ನೋಡುತ್ತಿದ್ದಳು.

ದೂರದಲ್ಲಿ ಒಂದು ನೀಲಿ ಪ್ಯಾಂಟು ಕಂಡಿತು. ಓಟವೂ ಅಲ್ಲದ, ನಡಿಗೆಯೂ ಅಲ್ಲದ ಒಂದು ಹೆಜ್ಜೆ. ಆದರೆ ಸಮ. ಎಡಕ್ಕೆ ವಾಲದೆ, ಬಲಕ್ಕೆ ಎಳೆಯದೆ, ಗುಳ್ಳೆ ನಟ್ಟನಡುವೆ ನಿಂತ ಹಾಗೆ ಅವನು ಬರುತ್ತಿದ್ದ.

ಗೆರೆ ದಾಟಿ ನಾಲ್ಕು ಹೆಜ್ಜೆಗೆ ಅವನು ಹುಲ್ಲಿನ ಮೇಲೆ ಕುಸಿದು ಕೂತ. ಮುಖದ ತುಂಬ ಉಪ್ಪು. ನಗಲು ನೋಡಿದ, ತುಟಿ ಒಣಗಿತ್ತು. ಶೂ ಬಿಚ್ಚಲು ಬಾಗಿದರೆ ಬೆನ್ನು ಬಗ್ಗಲಿಲ್ಲ. ಅವಳು ಅವನ ಮುಂದೆ ಮೊಣಕಾಲೂರಿ ಕೂತು ಲೇಸಿಗೆ ಕೈ ಹಾಕಿದಳು.

“ಅಯ್ಯೋ, ಕಾಲು ಮುಟ್ಟಬೇಡಿ. ಜನ ನೋಡ್ತಾರೆ.”

“ನೋಡಲಿ. ಈ ಕಾಲು ನಿಮಗಿಂತ ಮೊದಲು ನನಗೆ ಗೊತ್ತು.”

ಅವಳು ಎರಡು ಶೂಗಳನ್ನೂ ತೆಗೆದು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತು ಕಳೆದ ಮೇಲೆ ಅವನು, “ನನ್ನ ಜೊತೆ ಬರ್ತೀಯಾ?” ಎಂದ. ಮೊದಲ ಸಲ ‘ನೀವು’ ಹೋಗಿತ್ತು.

“ಬಸ್ಸಿಗಾ?”

“ಬಸ್ಸಿಗೂ.”

ಅವಳು ತಲೆಯೆತ್ತಲಿಲ್ಲ. ಆದರೆ ಅವಳ ಕೈ ಅವನ ಪಾದದ ಮೇಲಿಂದ ಸರಿಯಲಿಲ್ಲ.

“ಹ್ಞೂಂ” ಎಂದಳು.

“ಆದರೆ ಇದು ನ್ಯಾಯ ಅಲ್ಲ” ಎಂದ ಅವನು, ಈಗ ನಿಜವಾಗಿ ನಗುತ್ತ. “ನನ್ನ ಓರೆ ಎಲ್ಲ ನಿನಗೆ ಗೊತ್ತು. ನಿನ್ನದು ನನಗೆ ಒಂದೂ ಗೊತ್ತಿಲ್ಲ. ನಿನ್ನಿಂದ ನನಗೆ ಬಾಕಿ ಬರಬೇಕು.”

ಅವಳು ಯೋಚಿಸಿದಳು. “ನನ್ನ ಎಡಭುಜ ಸ್ವಲ್ಪ ಇಳಿದಿದೆ. ಮಿಷನ್ ಮೇಲೆ ಬಾಗಿ ಬಾಗಿ. ರವಿಕೆ ಹೊಲ್ಕೊಳ್ಳೋವಾಗ ನಾನೇ ಸರಿ ಮಾಡ್ಕೊಳ್ತೀನಿ. ಅಪ್ಪಂಗೂ ಹೇಳಿಲ್ಲ.”

“ಆಮೇಲೆ?”

“ಇನ್ನೂ ಇವೆ.”

“ಹೇಳು.”

“ಒಂದೇ ದಿನಕ್ಕೆ ಎಲ್ಲ ಯಾಕೆ? ಬಾಕಿ ಇರಲಿ, ಒಂದೊಂದಾಗಿ ತೀರಿಸ್ತೀನಿ” ಎಂದು ಅವಳು ಅವನ ಕಾಲ್ಚೀಲ ಎಳೆದು ತೆಗೆದಳು. “ನಿಮಗಂತೂ ಅವಸರ ಇಲ್ಲ ಅಂತ ಇವತ್ತು ಇಡೀ ಪೇಟೆಗೇ ಗೊತ್ತಾಯ್ತಲ್ಲ.”