ಯಾದಿಯಲ್ಲಿಲ್ಲದ ರಾತ್ರಿಗಳು

ಬಾಳೆಗೊನೆ ಕದಿಯುವವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೊಟ್ಟೆಗಿಲ್ಲದೆ ಕದಿಯುತ್ತಾನೆ, ಸಿಕ್ಕಿಬಿದ್ದರೆ ನಾಲ್ಕೇಟು ತಿನ್ನುತ್ತಾನೆ, ಅಲ್ಲಿಗೆ ಮುಗಿಯಿತು. ಆದರೆ ಒಬ್ಬ ಹೆಂಗಸು ಹನ್ನೆರಡು ವರ್ಷ ಕತ್ತೆತ್ತಿ ನೋಡಿ ಬರೆದಿಟ್ಟದ್ದನ್ನು ಕದ್ದು, ಶಾಲು ಹೊದಿಸಿಕೊಳ್ಳಲು ಇಸ್ತ್ರಿ ಅಂಗಿ ಹಾಕಿಕೊಂಡು ಬರುವ ಕಳ್ಳರೂ ಇದ್ದಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

೧೯೯೧ರ ಜನವರಿಯ ಒಂದು ಮಧ್ಯಾಹ್ನ ಜುಗೂಳದ ಕಸ್ತೂರೆವ್ವ ಅಥಣಿಗೆ ಬಂದು ಲಗಮಣ್ಣ ಸಾಹೇಬರ ಪಡಸಾಲೆಯಲ್ಲಿ ಕುಳಿತದ್ದು ಅಂಥವನೊಬ್ಬನ ದೆಸೆಯಿಂದ. ಸಾಹೇಬರು ಸರ್ವೇ ಇಲಾಖೆಯಲ್ಲಿ ಹೊಲ ಅಳೆದು ನಿವೃತ್ತರಾದವರು. ನಾನು ಕಾಮಣ್ಣ, ಮೂವತ್ತು ವರ್ಷ ಅವರ ಅಳತೆಯ ಸರಪಳಿಯ ಇನ್ನೊಂದು ತುದಿ ಹಿಡಿದವನು. ಗಡಿಕಲ್ಲು ಸರಿಸಿದವರನ್ನು ಹಿಡಿದು ಹಿಡಿದು ಅವರಿಗೆ ಕಳ್ಳರ ವಾಸನೆ ಚೆನ್ನಾಗಿ ಗೊತ್ತಿತ್ತು. ತಾಲ್ಲೂಕಿನಲ್ಲಿ ಏನೇ ಕಾಣೆಯಾದರೂ ಜನ ಪೊಲೀಸರಿಗಿಂತ ಮೊದಲು ಇಲ್ಲಿಗೇ ಬರುತ್ತಿದ್ದರು.

ಕಸ್ತೂರೆವ್ವನ ಜೊತೆ ಅವಳ ಕಾಕಾನ ಮಗ ಆಬಾಸಾಹೇಬ ಬಂದಿದ್ದ. ಅಥಣಿಯಲ್ಲೇ ಇರುವ ನಿವೃತ್ತ ವಿಜ್ಞಾನ ಮಾಸ್ತರ, ಮೆತ್ತಗಿನ ಮನುಷ್ಯ. ಅವಳು ಉದ್ದನೆಯ ಕಂಪ್ಯೂಟರ್ ಕಾಗದದ ಕಟ್ಟೊಂದನ್ನು ಚಾಪೆಯ ಮೇಲೆ ಬಿಚ್ಚಿದಳು.

"ಇದು ನಂದು ರಿ, ಅಣ್ಣಾರ. ಹೆಸರು ಮಾತ್ರ ಬ್ಯಾರೆಯವರದು."

ಅದು ಪರದೇಶದ ಒಂದು ಸಂಘ ಹೊರತರುವ ನಕ್ಷತ್ರಗಳ ಯಾದಿ, ಎಂದರೆ ಪಟ್ಟಿ. ಹೊಳಪು ಏರಿ ಇಳಿಯುವ ನಕ್ಷತ್ರಗಳನ್ನು ಊರೂರಿನ ಜನ ನೋಡಿ ಬರೆದು ಕಳಿಸುತ್ತಾರೆ. ಸಂಘದವರು ಎಲ್ಲವನ್ನೂ ಒಟ್ಟುಮಾಡಿ, ಯಾರು ಪತ್ರ ಬರೆದು ಕೇಳಿದರೂ ಬಿಟ್ಟಿಯಾಗಿ ಅಂಚೆಗೆ ಹಾಕುತ್ತಾರೆ; ಕಸ್ತೂರೆವ್ವನೂ ಹಾಗೇ ತರಿಸಿಕೊಂಡಿದ್ದಳು. ನಮ್ಮೂರ ತಲಾಠಿ ಹೊಲದ ದಾಖಲೆಯ ಒಂದು ಉತಾರ ಕೊಡಲು ಆರು ಸಲ ಅಡ್ಡಾಡಿಸುತ್ತಾನೆ. ಇವರು ಆಕಾಶದ ಉತಾರವನ್ನೇ ಕೇಳಿದವರಿಗೆಲ್ಲ ಕೊಡುತ್ತಾರಲ್ಲ ಎಂದು ನನಗೆ ಸೋಜಿಗವಾಯಿತು.

"ತಿಮಿಂಗಿಲ ಪುಂಜದಾಗ ಒಂದ ಕೆಂಪ ನಕ್ಷತ್ರ ಐತ್ರಿ," ಎಂದಳು ಕಸ್ತೂರೆವ್ವ. "ಹನ್ನೊಂದ ತಿಂಗಳಿಗೊಮ್ಮೆ ಚಲೋ ಹೊಳೀತೈತಿ, ಮತ್ತ ಮಂಕಾಗತೈತಿ. ನಮ್ಮ ಯಜಮಾನ್ರು ಮಿರಜಿನಿಂದ ದುರ್ಬೀನು ತಂದು ಇದನ್ನ ತೋರಿಸಿಕೊಟ್ರು. ಎಪ್ಪತ್ತೆಂಟರಿಂದ ಬರಕೋತ ಬಂದೀವಿ. ಅವರು ಹೋದ ಮ್ಯಾಲ ನಾ ಒಬ್ಬಾಕಿನ ಬರದೆ. ಹನ್ನೆರಡ ವರ್ಷ ತುಂಬಿದ ಮ್ಯಾಲ ಕಳಸೋಣು ಅಂತ ಅವರು ಹೇಳಿದ್ರು. ಬರದ ನಾಕ ವಹಿ ಟ್ರಂಕಿನ್ಯಾಗ ಇಟ್ಟಿದ್ದೆ. ಮಳಿಗಾಲ ಮುಗದ ಮ್ಯಾಲ ತಗದ ನೋಡಿದ್ರ ನಾಕೂ ವಹಿ ಇಲ್ಲ."

"ಮನೀಗೆ ಯಾರ್ ಬಂದಿದ್ರು?" ಎಂದು ಸಾಹೇಬರು ಕೇಳಿದರು.

"ಅಥಣಿ ಖಗೋಳ ಮಂಡಳದ ಮೂರೂ ಮಂದಿ ಜೂನದಾಗ ದುರ್ಬೀನು ನೋಡಾಕ ಬಂದಿದ್ರು. ಕಾಲೇಜಿನ ದಾದಾಸಾಹೇಬ ಸರ, ದ್ರಾಕ್ಷಿ ಸಾವಕಾರ ಮುರಗೆಪ್ಪ, ಮತ್ತ ನಮ್ಮ ಆಬಾ ಅಣ್ಣ. ವಹಿ ತೋರಿಸಿದ್ದೆ."

ಯಾದಿಯಲ್ಲಿ ಆ ನಕ್ಷತ್ರದ ಕೆಳಗೆ ಸಾವಿರದ ಇನ್ನೂರು ಸಾಲುಗಳಿದ್ದವು. ಒಂದೊಂದು ಸಾಲಿಗೆ ಒಂದು ತಾರೀಖು, ಒಂದು ಹೊಳಪಿನ ಅಂಕಿ; ನಕ್ಷತ್ರ ಮಂಕಾದಷ್ಟೂ ಆ ಅಂಕಿ ದೊಡ್ಡದು. ಕಳಿಸಿದವರು 'ಅಥಣಿ ಖಗೋಳ ಮಂಡಳ'. ಯಾರ ಸಹಿಯೂ ಇರಲಿಲ್ಲ. ಇಷ್ಟು ವರ್ಷ ನೋಡಿದವರು ಯಾರು, ಅವರ ಹೆಸರನ್ನು ಯಾದಿಯಲ್ಲಿ ಕಾಯಂ ಹಾಕುತ್ತೇವೆ ಎಂದು ಸಂಘದವರು ಮಂಡಳಕ್ಕೆ ಪತ್ರ ಬರೆದಿದ್ದರು. ಬರುವ ರವಿವಾರ ಕಾಲೇಜಿನಲ್ಲಿ ಸತ್ಕಾರವಿತ್ತು. ಆ ಹೆಸರನ್ನು ಅಲ್ಲೇ ಸಾರುವವರಿದ್ದರು.

"ಒಮ್ಮೆ ಅಚ್ಚಾತಂದ್ರ ಮುಗೀತ್ರಿ," ಎಂದಳು. "ನನಗ ಮಕ್ಕಳಿಲ್ಲ. ಇದೊಂದ ನನ್ನ ಹಿಂದ ಉಳಿಯೂದು."

ಅಷ್ಟರಲ್ಲಿ ಸಾಹೇಬರ ಹೆಂಡತಿ ಚನ್ನವ್ವ ವೈನಿ ಚಹಾ ತಂದರು. ಕಸ್ತೂರೆವ್ವ ಕೈ ಮುಗಿದಳು. "ಇವತ್ತ ಚತುರ್ದಶಿ ರಿ. ಅಷ್ಟಮಿ ಚತುರ್ದಶಿಗೆ ನನ್ನ ಬಾಯಾಗ ನೀರ ಸೈತ ಹೋಗೂದಿಲ್ಲ. ಸಣ್ಣಾಕಿ ಇದ್ದಾಗಿಂದ ಹಿಡದ ನೇಮ. ಆ ದಿನ ಹೊತ್ತ ಮುಳಗಿದ ಮ್ಯಾಲ ದೀಪಾನೂ ಹಚ್ಚೂದಿಲ್ಲ, ಹುಳಾ ಬಿದ್ದ ಸಾಯ್ತಾವ. ಬೆಳಕಿದ್ದಾಗನ ಮನಿ ಮುಟ್ಟಬೇಕು." ಮೂರೂವರೆಯ ಬಸ್ಸಿಗೆ ನಾನೇ ಅವಳನ್ನು ಹತ್ತಿಸಿ ಬಂದೆ.

ಆಬಾಸಾಹೇಬ ಹೊರಡಲಿಲ್ಲ. ದೀಪ ಹಚ್ಚುವ ಹೊತ್ತಾದರೂ ತಂಗಿಯ ಕಷ್ಟ ಹೇಳುತ್ತಲೇ ಇದ್ದ. ವೈನಿ ಊಟಕ್ಕೆ ಎಬ್ಬಿಸಿದರು. ನಾಲ್ಕು ಬಿಸಿ ರೊಟ್ಟಿ ಉಂಡು, ಬದನೆಕಾಯಿ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡು, ಕೈ ತೊಳೆಯುತ್ತ ದನಿ ತಗ್ಗಿಸಿದ. "ನಾ ಹೇಳಿದೆ ಅನಬ್ಯಾಡ್ರಿ. ಇದು ದಾದಾಸಾಹೇಬಂದ ಕೆಲಸ. ಭಾಳ ಹೆಸರಿನ ಹುಚ್ಚು ಅವಂಗ."

ಆ ಮಾತು ನನಗೂ ಖರೆ ಅನ್ನಿಸಿತು. ದಾದಾಸಾಹೇಬನನ್ನು ಕಂಡರೆ ಯಾರಿಗೆ ತಾನೇ ಹಾಗನ್ನಿಸುವುದಿಲ್ಲ. ಮರುದಿನ ಕಾಲೇಜಿಗೆ ಹೋದಾಗ ತನ್ನ ಕೋಣೆಯ ದೊಡ್ಡ ದೂರದರ್ಶಕದ ಪಕ್ಕ ಫೋಟೋಕ್ಕೆ ನಿಂತವನಂತೆ ನಿಂತಿದ್ದ. ನಾನು ಬಗ್ಗಿ ನೋಡಿದೆ. ಕಣ್ಣಿಡುವ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು.

"ಸರ, ನಿಮ್ಮ ನಕ್ಷತ್ರ ಮೇ ತಿಂಗಳಾಗ ಎಷ್ಟೊತ್ತಿಗೆ ಕಾಣತೈತ್ರಿ?" ಎಂದು ಸಾಹೇಬರು ಕೇಳಿದರು.

"ರಾತ್ರಿ ಎಂಟಕ್ಕ. ಸ್ವಚ್ಛ ಕಾಣತೈತಿ."

"ಇಷ್ಟೂ ನೀವ ನೋಡಿ ಬರದ್ರಿ?"

"ಮಂಡಳದ ಸಾಮೂಹಿಕ ಸಾಧನೆ," ಎಂದು ಆತ ಟೈ ಸರಿಮಾಡಿಕೊಂಡ. "ಹಳ್ಳಿ ಹೆಣ್ಣಮಗಳಿಗೆ ಇದೆಲ್ಲ ಏನ ತಿಳೀತೈತ್ರಿ."

ಮುರಗೆಪ್ಪ ತನ್ನ ತೋಟದಲ್ಲಿ ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಚಪ್ಪರದ ಕೆಳಗೆ ಸಿಕ್ಕ. ಅವನಾದರೂ ನೆಟ್ಟಗೆ ಮಾತಾಡಿದ. "ನಕ್ಷತ್ರ ಗಿಕ್ಷತ್ರ ನನಗೇನ ಗೊತ್ತ್ರಿ. ದೂರದರ್ಶಕ ಕೊಡಿಸಿದೆ. ಸತ್ಕಾರ ಅಂದ್ರು, ಬರತೀನಿ ಅಂದೆ. ಯಾರ ಮಾಡಿದ್ರು ಅಂತ ನಾ ಕೇಳಲಿಲ್ಲ. ನೀ ಮಾಡೀಯೇನು ಅಂತ ನನಗೂ ಯಾರೂ ಕೇಳಲಿಲ್ಲ."

ಎಂಥ ಮಂಡಳ ನೋಡಿ. ಅಂಚೆಯಲ್ಲಿ ಹೊಗಳಿಕೆ ಬಂದರೆ 'ನಾನಲ್ಲ' ಎನ್ನಲು ಮೂವರಲ್ಲಿ ಒಬ್ಬನಿಗೂ ನಾಲಿಗೆ ಏಳಲಿಲ್ಲ.

ಆ ಸಂಜೆ ಸಾಹೇಬರು ಕಾಗದದ ಕಟ್ಟು ಹಿಡಿದು ಕುಳಿತರು. "ಕಾಮಣ್ಣ, ಹೊಲಕ್ಕ ಹೋದಾಗ ನಾ ಮದ್ಲ ಏನ ನೋಡತಿದ್ದೆ?"

"ಇರಬೇಕಾದ ಕಲ್ಲ ಎಲ್ಲಿ ಇಲ್ಲ ಅಂತ ನೋಡತಿದ್ರಿ."

"ಹಂಗಾರ ಅಟ್ಟಾ ಹತ್ತು. ಹನ್ನೆರಡ ವರ್ಷದ ಹಳೀ ಪಂಚಾಂಗ ಇಳಸು."

ಎರಡು ದಿನ ನಾನು ತಿಥಿ ಓದಿದೆ, ಅವರು ಸಾಲುಗಳಿಗೆ ಸೀಸಕಡ್ಡಿಯಿಂದ ಗುರುತು ಹಾಕಿದರು. ಕೊನೆಗೆ ಕಡ್ಡಿ ಕೆಳಗಿಟ್ಟು ನಕ್ಕರು. ಏನು ಸಿಕ್ಕಿತು ಎಂದರೆ ಹೇಳಲಿಲ್ಲ. ಮೂವತ್ತು ವರ್ಷ ಸರಪಳಿ ಹಿಡಿದವನಿಗೂ ಹೇಳದ ಈ ಚಾಳಿಗೆ ನಾನು ಅವರನ್ನು ಇನ್ನೂ ಕ್ಷಮಿಸಿಲ್ಲ.

ರವಿವಾರ ಬೆಳಿಗ್ಗೆ ಹತ್ತಕ್ಕೆ ಕಾಲೇಜಿನ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಮೂರು ಕುರ್ಚಿ, ಒಂದೇ ಶಾಲು. ಮೂವರ ಕಣ್ಣೂ ಆ ಶಾಲಿನ ಮೇಲೆ. ಕಸ್ತೂರೆವ್ವ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದಳು. ಸಾಹೇಬರು ಯಾರನ್ನೂ ಕೇಳದೆಯೇ ವೇದಿಕೆ ಹತ್ತಿ ಕಾಗದದ ಕಟ್ಟನ್ನು ಮೇಜಿನ ಮೇಲಿಟ್ಟರು.

"ಶಾಲು ಹೊದಸೂಕಿಂತ ಮದ್ಲ ಎರಡ ಮಾತು. ದಾದಾಸಾಹೇಬ ಸರ ಈ ನಕ್ಷತ್ರ ಮೇದಾಗ ರಾತ್ರಿ ಎಂಟಕ್ಕ ಕಾಣತೈತಿ ಅಂದ್ರು. ಆಗ ಅದು ಸೂರ್ಯನ ಕೂಡ ಹುಟ್ಟಿ ಸೂರ್ಯನ ಕೂಡ ಮುಳಗತೈತಿ. ಯಾದಿಯೊಳಗ ಹನ್ನೆರಡೂ ವರ್ಷ ಮೇ ತಿಂಗಳದ್ದು ಒಂದೂ ಸಾಲಿಲ್ಲ. ತಮ್ಮ ಹೆಸರಿಲೆ ಹೊಂಟ ಯಾದಿಯನ್ನ ಅವರು ತೆರದ ಸೈತ ನೋಡಿಲ್ಲ. ಸಾವಕಾರ್ರು ತಮಗೇನೂ ತಿಳಿಯೂದಿಲ್ಲ ಅಂತ ತಾವ ಒಪ್ಪಿದ್ರು. ಇಬ್ಬರೂ ಬರದಿಲ್ಲ, ಕದ್ದೂ ಇಲ್ಲ. ಪುಕ್ಕಟೆ ಹೊಗಳಿಕೀಗೆ ಕುರ್ಚಿ ಹಾಕ್ಕೊಂಡ ಕುಂತಾರ, ಅಷ್ಟ."

ದಾದಾಸಾಹೇಬ ಟೈ ಸಡಿಲ ಮಾಡಿಕೊಂಡ.

"ಇನ್ನ ಯಾದಿ ನೋಡ್ರಿ. ನಕ್ಷತ್ರ ನೋಡೂ ಮಂದಿಗೆ ಬೆಳದಿಂಗಳು ಬ್ಯಾಡ, ಕತ್ತಲಿ ಬೇಕು. ಇಲ್ಲಿ ಹುಣ್ಣಿವಿ ದಿನಾನೂ ಬರದಾರ, ಆದರ ಅದರ ಹಿಂದಿನ ರಾತ್ರಿ ಖಾಲಿ. ಅಮಾಸಿಗೆ ಬರದಾರ, ಅದರ ಹಿಂದಿನ ರಾತ್ರಿ ಅಷ್ಟ ಕತ್ತಲಿದ್ದರೂ ಖಾಲಿ. ಎರಡೂ ಅಷ್ಟಮಿ ಖಾಲಿ. ಹನ್ನೆರಡ ವರ್ಷದಾಗ ಒಮ್ಮೆನೂ ತಪ್ಪಿಲ್ಲ. ಮೋಡ ಬಂದರ ತಿಥಿ ನೋಡಿ ಬರತಾವೇನು? ಇದನ್ನ ಬರದವರು ಅಷ್ಟಮಿ ಚತುರ್ದಶಿ ದೀಪಾ ಹಚ್ಚದ ನೇಮದವರು. ದೀಪಾ ಇಲ್ಲದ ವಹಿ ಬರಿಯೂದ ಹ್ಯಾಂಗ? ಅಂಥವರು ಮಂಡಳದಾಗ ಯಾರರ ಅದಾರೇನ್ರಿ?"

ಸಭೆ ಗುಜುಗುಜು ಅಂದಿತು. ಆಬಾಸಾಹೇಬ ನಿಧಾನವಾಗಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಕಣ್ಣು ತಗ್ಗಿಸಿ ನಿಂತ.

"ನನ್ನ ಬಾಯಿಂದ ನಾ ಹೇಳಬಾರದಂತ ಸುಮ್ಮನಿದ್ದೆ. ಅವು ನನ್ನ ಸಾಲು. ಮೂವತ್ತು ವರ್ಷದಿಂದ ನಾನೂ ಅದ ನೇಮ ಹಿಡದೀನಿ. ನಮ್ಮ ಮನೆತನದಾಗ ನಡಕೋತ ಬಂದದ್ದು. ಕಸ್ತೂರಿ ತಪ್ಪ ತಿಳಕೊಂಡಾಳ, ಪಾಪ."

ಕಸ್ತೂರೆವ್ವ ಅವನನ್ನೇ ನೋಡಿದಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಸಾಹೇಬರು ಕೈ ಮಾಡಿ ತಡೆದರು.

"ಚಲೋ ಆತು, ಮಾಸ್ತರ. ಇಷ್ಟೊತ್ತನ ನನಗ ಬರೇ ಸಂಶೆ ಇತ್ತು. ಕಾಮಣ್ಣ, ಇವರು ತಂಗೀನ್ನ ಕರಕೊಂಡ ನಮ್ಮ ಮನೀಗೆ ಬಂದ ದಿನ ತಿಥಿ ಯಾವದು?"

"ಚತುರ್ದಶಿ ರಿ," ಎಂದೆ.

"ಕಸ್ತೂರೆವ್ವ ಏನ ತಗೊಂಡ್ಳು?"

"ನೀರ ಸೈತ ಇಲ್ರಿ."

"ಮಾಸ್ತರ?"

"ದೀಪಾ ಹಚ್ಚಿದ ಮ್ಯಾಲ ನಾಕ ರೊಟ್ಟಿ ರಿ. ಎಣ್ಣಿಗಾಯಿ ಎರಡ ಸಲ." ಇದನ್ನು ನಾನು ಹಿಂದಿನ ಬಾಗಿಲಿಗೂ ಕೇಳುವಂತೆ ಹೇಳಿದೆ. ಅಷ್ಟು ಖುಷಿಯಿಂದ ನಾನು ಯಾವ ಸಾಕ್ಷಿಯನ್ನೂ ನುಡಿದಿಲ್ಲ.

ಯಾರೋ ಕಿಸಕ್ಕೆಂದರು. ಆಬಾಸಾಹೇಬನ ಮುಖ ಇಳಿದುಹೋಯಿತು. ಹಿಡಿಯದ ನೇಮ ಯಾರಿಗೆ ನೆನಪಿರುತ್ತದೆ.

"ಸಹಿ ಹಾಕದ ಯಾಕ ಕಳಸಿದ್ರಿ ಅಂತ ನಾ ಹೇಳಲೇನು?" ಎಂದರು ಸಾಹೇಬರು. "ತಂಗಿ ಗದ್ದಲ ಮಾಡಿದರ ಮಂಡಳದ ತಲೀಗೆ ಬರಲಿ, ಸುಮ್ಮನಿದ್ದರ ನಿಮ್ಮ ಹೆಗಲಿಗೆ ಶಾಲು ಬರಲಿ. ಆಕಿ ಸುಮ್ಮನಿರಲಿಲ್ಲ. ಅದಕ್ಕ ಆಕೀನ್ನ ಕರಕೊಂಡ ಬಂದು ದಾದಾಸಾಹೇಬನ ಕಡೆ ಬಟ್ಟ ಮಾಡಿದ್ರಿ. ಅವನ ಮಾನ ಹೋದರ ಉಳದಾವ್ರು ನೀವೊಬ್ಬರ. ವಹಿ ಎಲ್ಲಿ ಅದಾವ?"

ಆಬಾಸಾಹೇಬ ಕೋಟಿನ ಗುಂಡಿ ಬಿಚ್ಚಿ ಕುಳಿತ. "ಬಚ್ಚಲ ಒಲಿಗೆ ಹಾಕಿದೆ. ಮೂವತ್ತೈದ ವರ್ಷ ಇನ್ನೊಬ್ಬರು ಕಂಡ ಹಿಡದದ್ದನ್ನ ಹುಡುಗರಿಗೆ ಹೇಳಿಕೊಟ್ಟೆ. ನನ್ನ ಹೆಸರು ಎಲ್ಲೂ ಬರಲಿಲ್ಲ."

ನನಗೆ ಕನಿಕರ ಬರಲಿಲ್ಲ. ಹನ್ನೆರಡು ವರ್ಷದ ವಹಿ ಸುಟ್ಟು ಮೈಗೆ ಬಿಸಿನೀರು ಹೊಯ್ದುಕೊಂಡವನಿಗೆ ಎಂಥ ಕನಿಕರ. ನಾನು ಕಸ್ತೂರೆವ್ವನ ಕಡೆ ತಿರುಗಿದೆ, ಅಳುತ್ತಾಳೆ ಎಂದುಕೊಂಡು. ಅವಳು ಆಗಲೇ ವೇದಿಕೆ ಹತ್ತಿ, ಆ ಕಾಗದದ ಕಟ್ಟು ತೆರೆದು, ಸಾಲಿನಿಂದ ಸಾಲಿಗೆ ಬೆರಳಾಡಿಸುತ್ತಿದ್ದಳು. ಅವಳ ವಹಿಯಲ್ಲಿದ್ದದ್ದು ಇನ್ನು ಉಳಿದಿದ್ದರೆ ಆ ಯಾದಿಯಲ್ಲಿ ಮಾತ್ರ. ಸುಟ್ಟವನೇ ಅದನ್ನು ಊರಿಗೆಲ್ಲ ಸಿಗುವ ಜಾಗದಲ್ಲಿ ಇಟ್ಟಿದ್ದ. ಬೆರಳು ಒಂದು ಕಡೆ ನಿಂತಿತು.

"ಅಣ್ಣಾರ, ಇಲ್ಲೊಂದು ತಪ್ಪೈತ್ರಿ. ಎಂಬತ್ತನಾಕರ ಮಾಘ ಮಾಸ. ನಾಕ ಬಿಂದು ಎರಡಲ್ಲ, ಐದ ಬಿಂದು ಎರಡು. ಯಜಮಾನ್ರು ತೀರಿಕೊಂಡ ಹದಿಮೂರನೇ ದಿನ. ನಾ ಒಬ್ಬಾಕಿನ ಮಾಳಿಗಿ ಹತ್ತಿದ್ದು ಅವತ್ತ ಮದ್ಲ. ಮಂಕಾಗಿತ್ತು. ಮರಿಯೂದಿಲ್ರಿ."

ಕಳ್ಳನಿಗೆ ನೆಟ್ಟಗೆ ನಕಲು ಮಾಡಲೂ ಬಂದಿರಲಿಲ್ಲ.

ಸಾಹೇಬರು ಅಲ್ಲೇ ಮೇಜಿನ ಮೇಲೆ ಸಂಘಕ್ಕೆ ಪತ್ರ ಬರೆದರು. ದಾದಾಸಾಹೇಬ, ಮುರಗೆಪ್ಪ ಸಹಿ ಹಾಕಿದರು. ಆಬಾಸಾಹೇಬ ತಂಗಿಯ ಮುಂದೆ ಕೈ ಮುಗಿದ.

"ಕಸ್ತೂರಿ, ಆ ಪತ್ರದಾಗ ನನ್ನ ಹೆಸರ ಮಾತ್ರ ಬರಸಬ್ಯಾಡವ್ವ."

ಹೆಸರಿಗಾಗಿ ಕದ್ದವನು ಕೇಳಿಕೊಂಡದ್ದು ಇದೊಂದೇ. ಅವಳು ಅವನ ಮುಖ ನೋಡದೆ ಕಾಗದ ಮಡಚಿದಳು.

"ಬರಸೂದಿಲ್ಲಣ್ಣಾ. ಒಂದ ರಾತ್ರಿನೂ ತಲಿ ಎತ್ತಿ ನೋಡದವರ ಹೆಸರಿಗೆ ಅಲ್ಲೇನ ಕೆಲಸ."

ಮರುವರ್ಷದ ಯಾದಿ ಬಂದಾಗ ಸಾಹೇಬರೂ ಒಂದು ಪ್ರತಿ ತರಿಸಿಕೊಂಡರು. ಕೆಂಪು ನಕ್ಷತ್ರದ ಕೆಳಗೆ 'ಕಸ್ತೂರೆವ್ವ, ಜುಗೂಳ' ಎಂದಿತ್ತು. ಮಾಘದ ಆ ಅಂಕಿ ಐದು ಬಿಂದು ಎರಡು ಆಗಿತ್ತು. ಹೊಸ ಸಾಲುಗಳೂ ಸೇರಿದ್ದವು, ಅವುಗಳಲ್ಲೂ ಚತುರ್ದಶಿಗಳು ಖಾಲಿ ಇದ್ದವು.