ತಲೆಕೆಳಗು ಕಟ್ಟಿದ ಬ್ಯಾನರ್

“ನಾಗಿ, ಈ ಬ್ಯಾನರ್ ಕಟ್ಟಿದ್ದು ಯಾರು?”

ಮೊರೊಯಿ ಮಾಮ ತಮ್ಮ ಫೋನನ್ನು ನಾಗಿಯ ಮೂಗಿನ ಹತ್ತಿರ ಹಿಡಿದಿದ್ದರು. ಫುಟ್‌ಬಾಲ್ ಮೈದಾನದ ಎದುರು ಸ್ಟ್ಯಾಂಡಿನಲ್ಲಿದ್ದ ಅವರ ಗೆಳೆಯನೊಬ್ಬ ಫೋಟೊ ಕಳಿಸಿದ್ದ. ಕೆಳಗೆ ಒಂದೇ ಸಾಲು ಬರೆದಿದ್ದ: ‘ಪಾಪ, ಆತನ ಮೇಲೆ ಇಷ್ಟೊಂದು ಸಿಟ್ಟಾ?’

ಫೋಟೊದಲ್ಲಿ ಇವರದೇ ಸ್ಟ್ಯಾಂಡು ಕಾಣುತ್ತಿತ್ತು. ಮುಂದಿನ ಕಂಬಿಗೆ ಸಾಲಾಗಿ ಬ್ಯಾನರ್‌ಗಳು. ನಟ್ಟನಡುವೆ, ನಾಗಿಯ ಐದನೇ ಕ್ಲಾಸಿನವರೆಲ್ಲ ಸೇರಿ ಬಣ್ಣ ಬಳಿದ ದೊಡ್ಡ ಬ್ಯಾನರ್: ‘ಅಲುಗದ ಬಂಡೆ ತಕಮಿನೆ’. ಬಂಡೆ ತಲೆಕೆಳಗಾಗಿ ನೇತಾಡುತ್ತಿತ್ತು.

“ನಾನೇ ಕಟ್ಟಿದ್ದು,” ಎಂದಳು ನಾಗಿ. “ಆದ್ರೆ ಸೀದಾನೇ ಕಟ್ಟಿದ್ದೆ ಮಾಮ. ಬಗ್ಗಿ ನೋಡಿ ಕಟ್ಟಿದ್ದೆ.”

“ಬಗ್ಗಿ ನೋಡಿದ್ಯಾ?”

“ಹೂಂ. ಮೊದಲು ಕಟ್ಟಿದಾಗ ಉಲ್ಟಾ ಕಾಣಿಸ್ತು. ಅದಕ್ಕೇ ಬಿಚ್ಚಿ, ತಿರುಗಿಸಿ ಕಟ್ಟಿದೆ.”

ಮೊರೊಯಿ ಮಾಮ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. “ಕಂಬಿ ಮೇಲಿಂದ ತಲೆ ಕೆಳಗೆ ಹಾಕಿ ನೋಡಿದ್ರೆ, ಸೀದಾ ಇರೋದೇ ಉಲ್ಟಾ ಕಾಣ್ಸೋದು. ಉಲ್ಟಾ ಆಗಿದ್ದು ಬ್ಯಾನರ್ ಅಲ್ಲ ತಾಯಿ, ನಿನ್ನ ತಲೆ.”

ಇಸೊಮಿ ಊರಿನ ಅಭಿಮಾನಿಗಳು ಆಟಗಾರರನ್ನು ಕೂಗಿ ಬೈಯುವುದಿಲ್ಲ. ಸಿಟ್ಟು ತಡೆಯಲಾರದಷ್ಟಾದರೆ ಬ್ಯಾನರನ್ನು ತಲೆಕೆಳಗಾಗಿ ಕಟ್ಟುತ್ತಾರೆ, ಅಷ್ಟೆ. ಇದಕ್ಕಿಂತ ಬೈಗುಳವೇ ವಾಸಿ ಎನ್ನುವುದು ಆಟಗಾರರ ಅಭಿಪ್ರಾಯ.

ತಕಮಿನೆ ಕಮೊಮೆ ತಂಡದ ಹಿರಿಯ ಡಿಫೆಂಡರ್; ಮರ್ಯಾದೆಗೆ ಎಲ್ಲರೂ ತಕಮಿನೆ ಸಾನ್ ಅನ್ನುತ್ತಿದ್ದರು. ಹೋದ ವಾರವಷ್ಟೇ ಚೆಂಡನ್ನು ತಡೆಯಲು ಹೋಗಿ ತಮ್ಮದೇ ಗೋಲಿನೊಳಗೆ ಹೊಡೆದಿದ್ದರು. ತಂಡ ಬೇಸಿಗೆಯಿಂದ ಒಂದೂ ಪಂದ್ಯ ಗೆದ್ದಿರಲಿಲ್ಲ. ಪಟ್ಟಿಯಲ್ಲಿ ಕೊನೆಯಿಂದ ಎರಡನೇ ಸ್ಥಾನ. ವರ್ಷದ ಕೊನೆಗೂ ಅಲ್ಲೇ ಇದ್ದರೆ ಮೂರನೇ ಡಿವಿಷನ್‌ಗೆ ಬೀಳುವುದೇ. ಇಂಥ ಹೊತ್ತಿನಲ್ಲಿ ಈ ಬ್ಯಾನರ್ ಕಂಡರೆ ಯಾರಿಗಾದರೂ ಅರ್ಥ ಒಂದೇ ಆಗುತ್ತಿತ್ತು.

ನಾಗಿಗೆ ಈಗ ನೆನಪಾಯಿತು. ಆಟಕ್ಕೆ ಮೊದಲು ಮೈದಾನಕ್ಕೆ ಬಂದ ತಕಮಿನೆ ಸಾನ್ ಇತ್ತ ನೋಡಿ ನಿಂತುಬಿಟ್ಟಿದ್ದರು. ಅವಳು ಕೈ ಬೀಸಿದ್ದಳು. ಅವರು ತಿರುಗಿ ಬೀಸಿರಲಿಲ್ಲ.

“ಬಿಚ್ಚೋಣ, ಬೇಗ,” ಎಂದು ಮೊರೊಯಿ ಮಾಮ ಹಗ್ಗಕ್ಕೆ ಕೈ ಹಾಕಿದರು.

ಅಷ್ಟರಲ್ಲಿ ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದು ನಿಂತಿತು. ಕಮೊಮೆ ಗೋಲು ಹೊಡೆದಿತ್ತು.

ಮೊರೊಯಿ ಮಾಮ ಹಗ್ಗದಿಂದ ಕೈಯನ್ನು ಮೆಲ್ಲಗೆ ತೆಗೆದರು, ನಿದ್ದೆ ಹೋದ ಮಗುವಿನ ಪಕ್ಕದಿಂದ ಏಳುವವರ ಹಾಗೆ. “ಮುಟ್ಬೇಡ,” ಎಂದರು.

ಆ ಪಂದ್ಯ ಕಮೊಮೆ ಗೆದ್ದಿತು.

ಆಮೇಲೆ ಊರಿನಲ್ಲಿ ನಡೆದ ಪಂದ್ಯಗಳಿಗೆಲ್ಲ ಬ್ಯಾನರ್ ತಲೆಕೆಳಗೇ ಇತ್ತು. ತಂಡ ಒಮ್ಮೆ ಗೆದ್ದಿತು, ಒಮ್ಮೆ ಡ್ರಾ ಮಾಡಿತು, ಮತ್ತೆ ಗೆದ್ದಿತು. ಪೇಟೆ ಬೀದಿಯಲ್ಲಿ ಎಲ್ಲರೂ ನಾಗಿಯನ್ನು ಹೊಗಳುವವರೇ. ಮೀನಿನಂಗಡಿಯ ಅಜ್ಜಿ ಅವಳ ತಲೆ ಸವರಿದರು. ಕ್ಲಾಸಿನ ಹಯಾಟೆ ಗಣಿತದ ಪರೀಕ್ಷೆಯ ದಿನ ತನ್ನ ಹೆಸರನ್ನೇ ತಲೆಕೆಳಗಾಗಿ ಬರೆದು ನೋಡಿದ. ಟೀಚರ್ ಸೊನ್ನೆಯನ್ನು ಸೀದಾ ಬರೆದು ಕೊಟ್ಟರು.

ತಕಮಿನೆ ಸಾನ್ ಮಾತ್ರ ಊಟಕ್ಕೆ ಬರುವುದನ್ನು ನಿಲ್ಲಿಸಿದ್ದರು.

ನಾಗಿಯ ಅಮ್ಮನದು ಬಂದರಿನ ಹತ್ತಿರ ಸಣ್ಣ ಊಟದ ಅಂಗಡಿ. ಪ್ರ್ಯಾಕ್ಟೀಸ್ ಮುಗಿಸಿ ಬಂದು ಸುಟ್ಟ ಬಂಗಡೆ, ಅನ್ನ, ಮಿಸೊ ಸೂಪು ತಿನ್ನುವುದು ತಕಮಿನೆ ಸಾನ್ ಅವರ ರೂಢಿ. ಪಕ್ಕದ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ನಾಗಿಯ ರಬ್ಬರನ್ನು ಸೂಪಿನ ಬಟ್ಟಲಿನ ಹಿಂದೆ ಬಚ್ಚಿಟ್ಟು, ತಾವೂ ಅವಳ ಜೊತೆ ಹುಡುಕುತ್ತಿದ್ದರು.

“ಡಯಟ್ ಇರಬೇಕು,” ಎಂದರು ಅಮ್ಮ. “ನಂದೇನೋ ಬಂಗಡೆ ಕೆಟ್ಟಿಲ್ಲಪ್ಪ.”

ಒಂದು ಸಂಜೆ ನಾಗಿ ಅವರನ್ನು ಸೇತುವೆಯ ಮೇಲೆ ಕಂಡಳು. ಕೈಯಲ್ಲಿ ಬೇರೆ ಅಂಗಡಿಯಿಂದ ತಂದ ತಣ್ಣನೆ ಊಟದ ಡಬ್ಬಿ. ಅವಳನ್ನು ನೋಡಿ ನಿಂತು, ಸೊಂಟ ಬಗ್ಗಿಸಿ ನಮಸ್ಕರಿಸಿದರು, ಪರಿಚಯವಿಲ್ಲದ ದೊಡ್ಡವರಿಗೆ ಮಾಡುವ ಹಾಗೆ. ಆಮೇಲೆ ಹೊರಟುಹೋದರು. ಐದನೇ ಕ್ಲಾಸಿನ ಹುಡುಗಿಗೆ ಅಷ್ಟು ಬಗ್ಗಿ ಯಾರೂ ನಮಸ್ಕರಿಸುವುದಿಲ್ಲ.

ಮರುದಿನ ಅವಳು ಮೊರೊಯಿ ಮಾಮನ ಅಂಗಡಿಗೆ ಹೋದಳು. ಪಂದ್ಯದ ದಿನ ಡೋಲು ಬಾರಿಸಿ ಇಡೀ ಸ್ಟ್ಯಾಂಡನ್ನು ಹಾಡಿಸುವ ಅವರು ಉಳಿದ ದಿನ ಊರಿನ ಕ್ಷೌರಿಕರು. ತಂಡ ಗೆಲ್ಲತೊಡಗಿದ ಮೇಲೆ ತಮ್ಮ ಗಡ್ಡ ಮಾತ್ರ ಬೋಳಿಸಿರಲಿಲ್ಲ. ಅದೂ ಅದೃಷ್ಟದ ಲೆಕ್ಕ. ಕ್ಷೌರಿಕನ ಮುಖ ನೋಡಿಯೇ ಕೆಲವು ಗಿರಾಕಿಗಳು ವಾಪಸ್ ಹೋಗುತ್ತಿದ್ದರು. ಈಗ ಕುರ್ಚಿಯಲ್ಲಿ ಕೂತಿದ್ದವನು ಹಯಾಟೆ.

“ಮಾಮ, ಕೊನೇ ಪಂದ್ಯಕ್ಕೆ ಬ್ಯಾನರ್ ಸೀದಾ ಕಟ್ಟೋಣ,” ಎಂದಳು ನಾಗಿ.

ಕತ್ತರಿ ನಿಂತಿತು.

“ತಕಮಿನೆ ಸಾನ್‌ಗೆ ಬೇಜಾರಾಗಿದೆ. ಅದು ತಪ್ಪಾಗಿ ಆಗಿದ್ದು ಅಂತ ಅವರಿಗೆ ಯಾರೂ ಹೇಳೇ ಇಲ್ಲ.”

“ಹೇಳ್ಬಾರ್ದು,” ಎಂದರು ಮೊರೊಯಿ ಮಾಮ, ಕೂಗಿ ಕೂಗಿ ಒಡೆದ ದನಿಯಲ್ಲಿ. “ಆತ ಈಗ ಹೇಗೆ ಆಡ್ತಿದ್ದಾನೆ ನೋಡಿದ್ಯಾ? ಸಿಟ್ಟಲ್ಲಿ ಆಡ್ತಿದ್ದಾನೆ. ನಿಜ ಗೊತ್ತಾದ್ರೆ ಸಿಟ್ಟು ಇಳಿದುಹೋಗುತ್ತೆ. ಇನ್ನೊಂದೇ ಪಂದ್ಯ, ನಾಗಿ. ಸೋಲದೇ ಇದ್ರೆ ಸಾಕು, ಉಳ್ಕೋತೀವಿ. ಆಮೇಲೆ ನಾನೇ ಹೋಗಿ ಕ್ಷಮೆ ಕೇಳ್ತೀನಿ. ಬೇಕಾದ್ರೆ ಜೀವಮಾನ ಪೂರ್ತಿ ಆತನಿಗೆ ಫ್ರೀ ಕಟಿಂಗ್.”

“ಅವರಿಗೆ ಕೂದಲೇ ಇಲ್ವಲ್ಲ ಮಾಮ,” ಎಂದ ಹಯಾಟೆ.

“ನೀನು ತಲೆ ಅಲ್ಲಾಡಿಸ್ಬೇಡ.”

ಹಯಾಟೆ ಕನ್ನಡಿಯಲ್ಲೇ ನಾಗಿಯನ್ನು ನೋಡಿದ. “ನೀನು ಸೀದಾ ಕಟ್ಟಿ, ತಂಡ ಬಿದ್ದುಹೋದ್ರೆ? ಊರವರೆಲ್ಲ ನಿನ್ನನ್ನೇ ಅನ್ನೋದು. ನಾನಂತೂ ಅಂತೀನಿ, ಈಗ್ಲೇ ಹೇಳಿರ್ತೀನಿ.”

ನಾಗಿ ಹೊರಗೆ ಬಂದಳು. ಹಯಾಟೆ ಮಾತಿಗೆ ತಪ್ಪುವವನಲ್ಲ ಎನ್ನುವುದೇ ತೊಂದರೆ.

ಮನೆಗೆ ಹೋಗುವ ದಾರಿಯಲ್ಲಿ ಅವಳ ಸೈಕಲ್ಲು ಪ್ರ್ಯಾಕ್ಟೀಸ್ ಮೈದಾನದ ಕಡೆ ತಿರುಗಿತು.

ಆಟಗಾರರೆಲ್ಲ ಹೋಗಿಯಾಗಿತ್ತು. ತಕಮಿನೆ ಸಾನ್ ಒಬ್ಬರೇ ಬೇಲಿಯ ಒಳಗೆ ಕೂತು ಮಂಡಿಗೆ ಐಸ್ ಕಟ್ಟಿಕೊಳ್ಳುತ್ತಿದ್ದರು. ನಾಗಿಯನ್ನು ಕಂಡು ಏಳಲು ಹೋದರು. ಮತ್ತೆ ಅದೇ ನಮಸ್ಕಾರ ಬರುತ್ತದೆಂದು ಹೆದರಿ ಅವಳೇ ಮೊದಲು ಬಗ್ಗಿಬಿಟ್ಟಳು.

“ಅದನ್ನ ಕಟ್ಟಿದ್ದು ನಾನು. ಸಿಟ್ಟಿಂದ ಅಲ್ಲ. ಬಗ್ಗಿ ನೋಡಿದಾಗ ಉಲ್ಟಾ ಕಾಣಿಸ್ತು, ಅದಕ್ಕೆ ತಿರುಗಿಸಿದೆ. ಯಾರಿಗೂ ನಿಮ್ಮ ಮೇಲೆ ಸಿಟ್ಟಿಲ್ಲ. ಮೀನಿನಂಗಡಿ ಅಜ್ಜಿಗೆ ಸ್ವಲ್ಪ ಇತ್ತು, ಈಗ ಅವರಿಗೂ ಇಲ್ಲ.”

ತಕಮಿನೆ ಸಾನ್ ಹೆಗಲ ಮೇಲಿದ್ದ ಟವೆಲನ್ನು ತೆಗೆದರು. ಅದರ ಮೇಲೆ ತಂಡದ ಹೆಸರಿತ್ತು. ಅದನ್ನು ಬೇಲಿಯ ಕಂಬಿಗೆ ಸೀದಾ ನೇತುಹಾಕಿದರು. ಆಮೇಲೆ ಕಂಬಿಯ ಮೇಲಿಂದ ಬಗ್ಗಿ, ಬೋಳು ತಲೆ ಕೆಳಗೆ ಹಾಕಿ, ಬಹಳ ಹೊತ್ತು ನೋಡಿದರು.

“ಹೌದಲ್ಲ,” ಎಂದಿತು ತಲೆಕೆಳಗಾದ ಮುಖ.

ಅವರು ನೆಟ್ಟಗೆ ನಿಂತಾಗ ಮುಖ ಕೆಂಪಗಾಗಿತ್ತು. ಬಗ್ಗಿದ್ದಕ್ಕೋ ಬೇರೆ ಯಾವುದಕ್ಕೋ ನಾಗಿಗೆ ತಿಳಿಯಲಿಲ್ಲ.

“ಸಿಟ್ಟು ಇಳಿದುಹೋಯ್ತಾ?” ಎಂದು ಕೇಳಿದಳು. “ಇಳಿದ್ರೆ ಕಷ್ಟ. ಸಿಟ್ಟಿಂದಲೇ ನೀವು ಚೆನ್ನಾಗಿ ಆಡ್ತಿರೋದಂತೆ. ಮೊರೊಯಿ ಮಾಮ ಹೇಳಿದ್ರು.”

“ಮೊರೊಯಿ ಸಾನ್ ಡೋಲು ಚೆನ್ನಾಗಿ ಬಾರಿಸ್ತಾರೆ,” ಎಂದರು ತಕಮಿನೆ ಸಾನ್. “ಸಿಟ್ಟಲ್ಲ ನಾಗಿ ಚಾನ್. ಹೆದರಿಕೆ. ಹೆದ್ರಿ, ಬಂದ ಚೆಂಡನ್ನೆಲ್ಲ ದೂರ ಒದೀತಿದ್ದೆ. ದೂರದಿಂದ ನೋಡೋರಿಗೆ ಅದು ಸಿಟ್ಟಿನ ಹಾಗೇ ಕಾಣ್ಸುತ್ತೆ.”

“ಕೊನೇ ಪಂದ್ಯಕ್ಕೆ ಹೇಗೆ ಕಟ್ಟಲಿ?”

“ಅದು ನಿಮ್ಮ ಬ್ಯಾನರು. ನಾನು ಹೇಳೋ ಹಾಗಿಲ್ಲ.” ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಕೇಳಿದರು, “ಅಮ್ಮ ಇವತ್ತು ಬಂಗಡೆ ಮಾಡಿದ್ದಾರಾ?”

ಕೊನೆಯ ಪಂದ್ಯದ ದಿನ ಸಮುದ್ರದ ಕಡೆಯಿಂದ ಗಾಳಿ ಜೋರಾಗಿತ್ತು. ನಾಗಿ ಬ್ಯಾನರ್ ಕಟ್ಟಿದಳು. ಈ ಸಲ ಬಗ್ಗಿ ನೋಡಲಿಲ್ಲ. ಮೆಟ್ಟಿಲಿಳಿದು, ಸುತ್ತು ಹಾಕಿ, ಎದುರು ಸ್ಟ್ಯಾಂಡಿನ ತನಕ ಓಡಿ ಹೋಗಿ ನೋಡಿ ಬಂದಳು.

ವಾಪಸ್ ಬರುವಾಗ ಮೊರೊಯಿ ಮಾಮ ದಾರಿಯಲ್ಲೇ ನಿಂತಿದ್ದರು. ಅವರ ಫೋನಿಗೆ ಫೋಟೊ ಆಗಲೇ ಬಂದಿತ್ತು: ಬಂಡೆ ಸೀದಾ.

“ನಾಗಿ.”

“ಅವರಿಗೆ ಹೇಳಿಬಿಟ್ಟೆ ಮಾಮ. ಹೇಳಿದ ಮೇಲೂ ಉಲ್ಟಾ ಕಟ್ಟಿದ್ರೆ ಅದು ತಪ್ಪಾಗಿ ಆಗಿದ್ದಲ್ಲ.”

ಮೊರೊಯಿ ಮಾಮ ಗಡ್ಡ ಕೆರೆದುಕೊಂಡರು. ಅಷ್ಟರಲ್ಲಿ ಜನ ನುಗ್ಗತೊಡಗಿದ್ದರು. ಡೋಲಿನ ಹತ್ತಿರ ಹೋಗಬೇಕಾಯಿತು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಎದುರಾಳಿಗಳು ಗೋಲು ಹೊಡೆದರು. ಕಮೊಮೆಯ ಹೊಸ ಹುಡುಗ, ಎಡಗಡೆಯ ಡಿಫೆಂಡರ್, ಕಾಲು ಜಾರಿ ಬಿದ್ದಿದ್ದ.

ಹಾಡು ನಿಂತಿತು. ಬ್ಯಾನರಿನ ವಿಷಯ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಒಂದೊಂದೇ ತಲೆ ಕಂಬಿಯ ಕಡೆ ತಿರುಗಿತು, ಆಮೇಲೆ ನಾಗಿಯ ಕಡೆ.

“ತಿರುಗಿಸೇ,” ಎಂದ ಹಯಾಟೆ ಪಕ್ಕದಿಂದ. ದನಿಯಲ್ಲಿ ತಮಾಷೆ ಇರಲಿಲ್ಲ, ಅಳು ಇತ್ತು. “ಪ್ಲೀಸ್ ನಾಗಿ. ಇನ್ನೂ ಟೈಮಿದೆ.”

ನಾಗಿ ಹಗ್ಗದ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮೊರೊಯಿ ಮಾಮ ಡೋಲಿನ ಕೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದರು. ಇನ್ನೊಂದು ತುದಿಯ ಗಂಟಿಗೆ ಕೈ ಹಾಕಿದರು.

ಕೆಳಗೆ ಮೈದಾನದಲ್ಲಿ ತಕಮಿನೆ ಸಾನ್ ಜಾರಿ ಬಿದ್ದ ಹುಡುಗನನ್ನು ಎಬ್ಬಿಸುತ್ತಿದ್ದರು. ಅವನ ಮಂಡಿಯ ಮಣ್ಣು ಕೊಡವಿ, ಕಿವಿಯಲ್ಲಿ ಏನೋ ಹೇಳಿದರು. ಅಳುಮುಖ ಮಾಡಿಕೊಂಡಿದ್ದ ಹುಡುಗ ಒಮ್ಮೆಲೇ ನಕ್ಕುಬಿಟ್ಟ.

ಮೊರೊಯಿ ಮಾಮ ಅದನ್ನು ನೋಡಿದರು. ಸುಮಾರು ಹೊತ್ತು ನೋಡಿದರು.

“ಗಾಳಿ ಜೋರಿದೆ,” ಎಂದರು ಕೊನೆಗೆ. “ಈ ಗಂಟು ಸಡಿಲ ಆಗಿದೆ.” ಗಂಟನ್ನು ಎಳೆದು ಬಿಗಿ ಮಾಡಿ, ಡೋಲಿನ ಹತ್ತಿರ ವಾಪಸ್ ಹೋದರು. ಮೊದಲ ಪೆಟ್ಟಿಗೆ ಹಿಂದಿನ ಸಾಲು ಹಾಡಿತು, ಎರಡನೆಯದಕ್ಕೆ ಎಲ್ಲರೂ.

ಆಮೇಲೆ ನಾಗಿ ಬ್ಯಾನರಿನ ಚಿಂತೆಯನ್ನೇ ಮರೆತಳು. ತಕಮಿನೆ ಸಾನ್ ಒಂದು ಸಲವೂ ಇತ್ತ ತಿರುಗಲಿಲ್ಲ. ಪುರುಸೊತ್ತೇ ಇರಲಿಲ್ಲ. ಈಗ ಅವರು ಚೆಂಡನ್ನು ದೂರ ಒದೆಯುತ್ತಿರಲಿಲ್ಲ. ಕಾಲಿನಡಿ ನಿಲ್ಲಿಸಿ, ತಲೆ ಎತ್ತಿ ನೋಡಿ, ಆ ಹೊಸ ಹುಡುಗನಿಗೇ ಮತ್ತೆ ಮತ್ತೆ ಕೊಡುತ್ತಿದ್ದರು. ಅವನು ಮತ್ತೊಮ್ಮೆ ತಪ್ಪಿದ. ಅವರು ಮತ್ತೆ ಅವನಿಗೇ ಕೊಟ್ಟರು.

ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಆ ಹುಡುಗ ಎಡದಿಂದ ಹೊಡೆದ ಚೆಂಡು ಯಾರದೋ ಬೆನ್ನಿಗೆ ಬಡಿದು, ಕಂಬಕ್ಕೆ ಬಡಿದು, ಸುಸ್ತಾದವರ ಹಾಗೆ ಗೋಲಿನೊಳಗೆ ಉರುಳಿತು. ಊರಿನ ಚರಿತ್ರೆಯಲ್ಲೇ ಅಷ್ಟು ಕುರೂಪದ ಗೋಲು ಬಿದ್ದಿರಲಿಲ್ಲ. ಒಂದು–ಒಂದು. ಉಳಿದ ಹೊತ್ತೆಲ್ಲ ಅದನ್ನೇ ಕಾಯ್ದುಕೊಂಡರು. ಸೀಟಿ ಊದಿದಾಗ ಕಮೊಮೆ ಎರಡನೇ ಡಿವಿಷನ್ನಿನಲ್ಲೇ ಉಳಿದಿತ್ತು.

ಜನ ಅತ್ತು, ನಕ್ಕು, ಹಾಡಿ, ತಮ್ಮ ತಮ್ಮ ಕಸ ಎತ್ತಿಕೊಂಡು ಹೊರಟ ಮೇಲೆ ಮೊರೊಯಿ ಮಾಮ ಬ್ಯಾನರ್ ಮಡಚಲು ಬಂದರು. ಕಣ್ಣು ಊದಿತ್ತು. ದನಿ ಪೂರ್ತಿ ಹೋಗಿತ್ತು.

“ನೋಡಿದ್ಯಾ,” ಎಂದರು ಪಿಸುಗುಟ್ಟಿ. “ಸೀದಾ ಕಟ್ಟಿದ್ದಕ್ಕೇ ಉಳಿದದ್ದು. ಮುಂದಿನ ವರ್ಷ ಪೂರ್ತಿ ಇದೇ ಹಗ್ಗ, ಇದೇ ಗಂಟು, ಸೀದಾ. ಯಾರೂ ಮುಟ್ಟೋ ಹಾಗಿಲ್ಲ.”

ನಾಗಿ ಅವರ ಮುಖ ನೋಡಿದಳು. ಅವರು ತಮಾಷೆ ಮಾಡುತ್ತಿರಲಿಲ್ಲ.

“ಸೋತ್ರೆ?” ಎಂದಳು.

“ಸೋತ್ರೆ…” ಮೊರೊಯಿ ಮಾಮ ಗಡ್ಡಕ್ಕೆ ಕೈ ಹಾಕಿ ಯೋಚಿಸಿದರು. “ಸೋತ್ರೆ ಆಗ ನೋಡೋಣ.”

“ನೋಡೋದೇನಿಲ್ಲ ಮಾಮ,” ಎಂದಳು ನಾಗಿ. “ಆ ತುದಿ ಹಿಡ್ಕೊಳ್ಳಿ.”

ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು, ಅಕ್ಷರಗಳಿಗೆ ಮಣ್ಣು ತಾಗದ ಹಾಗೆ ಒಳಮುಖವಾಗಿ ಮಡಚಿದರು.